ಶಿಕ್ಷೆಯಾದ ಮೇಲೆ ಸಿಕ್ಕ ಸಾಕ್ಷ್ಯ ಹೈಕೋರ್ಟಿನಲ್ಲಿ ನಡೆಯುತ್ತದೆಯೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಗದಗ ಜಿಲ್ಲೆ ರೋಣ ತಾಲ್ಲೂಕಿನ ಒಂದು ಹಳ್ಳಿ. 2022ರ ಡಿಸೆಂಬರ್‌ನಲ್ಲಿ ಹೊಲದ ಒಡ್ಡಿನ ಸಲುವಾಗಿ ದಾಯಾದಿಗಳ ನಡುವೆ ರಾತ್ರಿ ಒಂಬತ್ತರ ಸುಮಾರಿಗೆ ಹೊಡೆದಾಟ ಆಯಿತು. ದೊಡ್ಡಪ್ಪನ ಮಗನ ತಲೆಗೆ ಕೊಡಲಿ ಏಟು ಬಿತ್ತು, ಪುಣ್ಯಕ್ಕೆ ಬದುಕಿದ. ಕೇಸಿನಲ್ಲಿ ನಮ್ಮಣ್ಣನ ಹೆಸರೂ ಬಂತು. ಆದರೆ ಆ ರಾತ್ರಿ ಅಣ್ಣ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವ್ವನ ಹತ್ತಿರ ಇದ್ದ, ಆಕೆಗೆ ರಕ್ತ ಬೇಕು ಅಂದಾಗ ಅಲ್ಲೇ ಕೊಟ್ಟೂ ಇದ್ದ. ಗದಗ ಸೆಷನ್ಸ್ ಕೋರ್ಟ್ ಹೋದ ತಿಂಗಳು ಕೊಲೆಯತ್ನದ ಕಲಂ 307ರಡಿ ಏಳು ವರ್ಷ ಶಿಕ್ಷೆ ಕೊಟ್ಟಿದೆ. ಅಣ್ಣ ಈಗ ಧಾರವಾಡ ಸೆಂಟ್ರಲ್ ಜೈಲಿನಲ್ಲಿದ್ದಾನೆ. ಆಸ್ಪತ್ರೆಯ ಕಾಗದವನ್ನು ಆಗಿನ ವಕೀಲರಿಗೆ ತೋರಿಸಿದ್ದೆವು. ‘ಈಗ ಬೇಡ, ಆಮೇಲೆ ನೋಡೋಣ’ ಅಂದವರು ಕೊನೆಗೂ ಹಾಕಲಿಲ್ಲ. ಈಗ, ಅಣ್ಣನ ವಿರುದ್ಧ ಸಾಕ್ಷಿ ಹೇಳಿದ್ದ ಬಾಜೂ ಮನೆಯವರೊಬ್ಬರು ‘ನಾನು ನೋಡಿರಲಿಲ್ಲ, ಹೇಳಿಸಿದರು’ ಅಂತ ಅಫಿಡವಿಟ್ ಕೊಡಲು ತಯಾರಿದ್ದಾರೆ. ಗಲಾಟೆಯ ಒಂದು ವಿಡಿಯೊ ಕೂಡ ವಾಟ್ಸ್‌ಆ್ಯಪ್‌ನಲ್ಲಿ ಸಿಕ್ಕಿದೆ, ಅದರಲ್ಲಿ ಅಣ್ಣ ಎಲ್ಲೂ ಕಾಣುವುದಿಲ್ಲ. ಇವನ್ನೆಲ್ಲ ಧಾರವಾಡ ಹೈಕೋರ್ಟಿನಲ್ಲಿ ಹೊಸದಾಗಿ ಹಾಕಬಹುದೇ?

ಉತ್ತರ: ಹಾಕಲು ಕೇಳಬಹುದು. ಆದರೆ ನೀವು ಹೇಳಿದ ಮೂರಕ್ಕೂ ಒಂದೇ ಬೆಲೆ ಇಲ್ಲ. ನಿಮ್ಮ ಪತ್ರ ಓದಿದರೆ ನಿಮಗೆ ಹೆಚ್ಚು ಭರವಸೆ ಇರುವುದು ಆ ಅಫಿಡವಿಟ್ ಮೇಲೆ ಅನ್ನಿಸುತ್ತದೆ. ನನ್ನ ಲೆಕ್ಕ ಉಲ್ಟಾ. ರಕ್ತ ಕೊಟ್ಟ ದಾಖಲೆ ನಿಜಕ್ಕೂ ಇದ್ದರೆ ಅದೇ ನಿಮ್ಮ ಕೇಸಿನ ಜೀವ. ವಿಡಿಯೊದಿಂದ ಹೆಚ್ಚೇನೂ ಆಗಲಿಕ್ಕಿಲ್ಲ. ಅಫಿಡವಿಟ್ ಅನ್ನು ಈಗಿನ ರೂಪದಲ್ಲಿ ಹಾಕಿದರೆ ನಿಮಗೇ ತಿರುಗಿ ಬೀಳುವ ಸಂಭವ ಇದೆ.

ಎಲ್ಲಕ್ಕೂ ಮೊದಲು ಕ್ಯಾಲೆಂಡರ್ ನೋಡಿ. ಸೆಷನ್ಸ್ ಕೋರ್ಟ್ ಕೊಟ್ಟ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಅಪೀಲು ಹಾಕಲು ಕಾಲಮಿತಿ ಕಾಯ್ದೆಯ 115ನೇ ಅನುಚ್ಛೇದದ ಪ್ರಕಾರ 60 ದಿನ. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಇದರಿಂದ ಕಳೆಯುತ್ತಾರೆ. ಶಿಕ್ಷೆಯಾದವರಿಗೆ ತೀರ್ಪಿನ ಒಂದು ಪ್ರತಿಯನ್ನು ಕೋರ್ಟೇ ಉಚಿತವಾಗಿ, ಕೂಡಲೇ ಕೊಡಬೇಕು. ಅದು ಅಣ್ಣನ ಕೈಯಲ್ಲೇ ಜೈಲಿನಲ್ಲಿ ಇರಬಹುದು, ವಿಚಾರಿಸಿ. ತಡವಾದರೆ ಮನ್ನಿಸಿ ಎಂದು ಕೇಳಲು ದಾರಿ ಇದೆ, ಆದರೆ ಅದರ ಗೊಡವೆ ಯಾಕೆ? ಹೊಸ ಕಾಗದಗಳೆಲ್ಲ ಕೈಗೆ ಬಂದ ಮೇಲೆ ಅಪೀಲು ಹಾಕೋಣ ಎಂದು ಕಾಯುತ್ತಾ ಕೂರಬೇಡಿ. ಅಪೀಲು ಮೊದಲು ಹೋಗಲಿ, ಹೆಚ್ಚುವರಿ ಸಾಕ್ಷ್ಯದ ಅರ್ಜಿಯನ್ನು ಅದೇ ಅಪೀಲಿನಲ್ಲಿ ಆಮೇಲೂ ಹಾಕಬಹುದು. ನೀವು ಹೋಗಬೇಕಾದದ್ದು ಧಾರವಾಡದ ಹತ್ತಿರ ಬೇಲೂರಿನಲ್ಲಿರುವ ಹೈಕೋರ್ಟ್ ಪೀಠಕ್ಕೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಪೀಠ ಇದು. ಅದಕ್ಕೂ ಮುಂಚೆ ರೋಣ, ಶಿರಹಟ್ಟಿ, ಹಾನಗಲ್ಲಿನ ಜನ ಒಂದೊಂದು ತಾರೀಖಿಗೂ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು.

ಈಗ ಕಾನೂನಿಗೆ ಬರೋಣ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು ಕಲಂ 391. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕಲಂ 432. ಘಟನೆ ಹಳೆಯ ಕಾಯ್ದೆಯ ಕಾಲದ್ದು, ಅಪೀಲು ಹೊಸ ಕಾಯ್ದೆಯ ಕಾಲದ್ದು. ಹಾಗಾಗಿ ಅರ್ಜಿಯ ತಲೆಬರಹದಲ್ಲಿ ಎರಡನ್ನೂ ನಮೂದಿಸಿಬಿಡುವುದು ಒಳ್ಳೆಯದು, ಒಳಗಿನ ಮಾತು ಎರಡರಲ್ಲೂ ಒಂದೇ. ಅಪೀಲು ಕೇಳುವ ಕೋರ್ಟಿಗೆ ಹೆಚ್ಚುವರಿ ಸಾಕ್ಷ್ಯ ಅವಶ್ಯ ಎಂದು ಕಂಡರೆ ಕಾರಣ ಬರೆದಿಟ್ಟು ಆ ಸಾಕ್ಷ್ಯವನ್ನು ತಾನೇ ದಾಖಲಿಸಬಹುದು. ಹೈಕೋರ್ಟ್ ಆದರೆ ಸೆಷನ್ಸ್ ಕೋರ್ಟಿಗೋ ಮ್ಯಾಜಿಸ್ಟ್ರೇಟರಿಗೋ ಆ ಕೆಲಸ ವಹಿಸಬಹುದು. ಆಗ ಆರೋಪಿಗೆ ಅಥವಾ ಅವರ ವಕೀಲರಿಗೆ ಹಾಜರಿರುವ ಹಕ್ಕಿದೆ.

ಅವಶ್ಯ ಎಂದರೆ ಎಷ್ಟು ಅವಶ್ಯ? ಸುಪ್ರೀಂ ಕೋರ್ಟ್ 1965ರಲ್ಲಿ ರಾಜೇಶ್ವರ ಪ್ರಸಾದ್ ಮಿಶ್ರಾ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಆ ಸಾಕ್ಷ್ಯ ಇಲ್ಲದೆ ತೀರ್ಪು ಬರೆಯಲು ಆಗುವುದೇ ಇಲ್ಲ ಎಂದೇನೂ ತೋರಿಸಬೇಕಿಲ್ಲ, ಅದಿಲ್ಲದಿದ್ದರೆ ನ್ಯಾಯ ತಪ್ಪುತ್ತದೆ ಎಂದು ತೋರಿಸಿದರೆ ಸಾಕು. ಬ್ರಿಗೇಡಿಯರ್ ಸುಖಜೀತ್ ಸಿಂಗ್ ಪ್ರಕರಣದಲ್ಲಿ (2019) ಅದೇ ಕೋರ್ಟ್, ಅವಶ್ಯಕತೆಯೊಂದನ್ನು ಬಿಟ್ಟರೆ ಈ ಅಧಿಕಾರಕ್ಕೆ ಕಲಂ ಬೇರೆ ಕಟ್ಟುಪಾಡು ಹಾಕಿಲ್ಲ ಎಂದಿತು. ಇಷ್ಟನ್ನೇ ಓದಿದವರಿಗೆ ಬಾಗಿಲು ವಿಶಾಲವಾಗಿ ತೆರೆದಿದೆ ಅನ್ನಿಸುತ್ತದೆ.

ಅಷ್ಟು ವಿಶಾಲವಾಗೇನೂ ಇಲ್ಲ. 2001ರ ರಾಂಭಾವು ಪ್ರಕರಣದಲ್ಲಿ ಹೇಳಿದ್ದು, ಕೇಸಿನಲ್ಲಿ ಉಳಿದುಹೋದ ತೂತುಗಳನ್ನು ಮುಚ್ಚಿಕೊಳ್ಳಲು ಈ ಕಲಂ ಇಲ್ಲ ಎಂದು. 2024ರ ಜನವರಿಯ ಅಜಿತ್‌ಸಿನ್ಹ ಚೆಹುಜಿ ರಾಠೋಡ್ ತೀರ್ಪು ನಿಮಗೆ ಇನ್ನೂ ಬಿಗಿ. ಅದು ಚೆಕ್ ಬೌನ್ಸ್ ಕೇಸು. ಚೆಕ್ಕಿನ ಮೇಲಿನ ಸಹಿ ನನ್ನದಲ್ಲ, ಕೈಬರಹ ತಜ್ಞರಿಗೆ ಕಳಿಸಿ ಎಂದು ಆರೋಪಿ ಅಪೀಲಿನ ಹಂತದಲ್ಲಿ ಕೇಳಿದರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವಿಚಾರಣೆಯ ಕಾಲದಲ್ಲಿ ಬ್ಯಾಂಕಿನಿಂದ ಮಾದರಿ ಸಹಿ ತರಿಸಿಕೊಳ್ಳಲು ನಿಮಗೆ ಅಡ್ಡಿಯೇನಿತ್ತು ಎಂದು ಕೇಳಿತು. ತಕ್ಕ ಪ್ರಯತ್ನ ಮಾಡಿಯೂ ಆಗ ಹಾಜರುಪಡಿಸಲು ಆಗಲಿಲ್ಲ, ಅಥವಾ ಸಂಗತಿ ತಿಳಿದದ್ದೇ ತೀರ್ಪಿನ ನಂತರ, ಇವೆರಡರಲ್ಲಿ ಒಂದನ್ನು ತೋರಿಸಿ ಎಂಬುದು ಅದರ ಸಾರ. ನಿಮ್ಮ ಅರ್ಜಿಗೆ ಎದುರಾಗಿ ಸರ್ಕಾರಿ ವಕೀಲರು ಎತ್ತಿ ಹಿಡಿಯುವ ಮೊದಲ ತೀರ್ಪು ಇದೇ ಆಗಿರುತ್ತದೆ.

ಅಂದರೆ ನ್ಯಾಯಮೂರ್ತಿಗಳು ಎರಡು ಮಾತು ಕೇಳುತ್ತಾರೆ. ಆಗ ಯಾಕೆ ತರಲಿಲ್ಲ? ಈಗ ತಂದರೆ ತೀರ್ಪಿನಲ್ಲಿ ಏನು ಬದಲಾಗುತ್ತದೆ? ಮೊದಲನೆಯದಕ್ಕೆ ನಿಮ್ಮ ಉತ್ತರ ಸಪ್ಪೆಯಾಗಿದೆ. ಕಾಗದ ಇತ್ತು, ವಕೀಲರು ಹಾಕಲಿಲ್ಲ, ಅಷ್ಟೇ. ವಕೀಲರು ಸರಿಯಾಗಿ ನಡೆಸಲಿಲ್ಲ ಎಂಬ ಒಂದೇ ಕಾರಣಕ್ಕೆ ಸಾಕ್ಷಿಗಳನ್ನು ಮತ್ತೆ ಕರೆಸಲಾಗದು ಎಂದು 2015ರಲ್ಲಿ ದಿಲ್ಲಿಯ ಶಿವಕುಮಾರ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ವಕೀಲರನ್ನು ಬದಲಿಸಿದ ಪ್ರತಿಯೊಬ್ಬರಿಗೂ ಮತ್ತೊಂದು ವಿಚಾರಣೆ ಕೊಡುತ್ತಾ ಹೋದರೆ ಯಾವ ಕೇಸೂ ಮುಗಿಯುವುದಿಲ್ಲ ಎಂಬ ಭಯ ಕೋರ್ಟುಗಳಿಗೆ ಇದೆ, ಅದು ಸುಳ್ಳೂ ಅಲ್ಲ. ಹಾಗಾಗಿ ಅರ್ಜಿಯಲ್ಲಿ ಹಳೆಯ ವಕೀಲರನ್ನು ಬೈಯುವುದರಿಂದ ಒಂದು ಅಂಗುಲವೂ ಮುಂದೆ ಹೋಗುವುದಿಲ್ಲ. ಎರಡನೆಯ ಪ್ರಶ್ನೆಗೆ ನಿಮ್ಮ ಉತ್ತರ ಎಷ್ಟು ಗಟ್ಟಿ ಇದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮನುಷ್ಯ ಆ ಹೊತ್ತಿಗೆ ಊರಲ್ಲೇ ಇರಲಿಲ್ಲ ಎಂದು ಮೂರನೆಯವರ ರಿಜಿಸ್ಟರ್ ಹೇಳುತ್ತಿರುವಾಗ ‘ತಡವಾಯಿತು’ ಎಂದು ಕಣ್ಣು ಮುಚ್ಚಿಕೊಳ್ಳಲು ಯಾವ ಕೋರ್ಟಿಗೂ ಮನಸ್ಸು ಬಾರದು.

ಆದರೆ ಆ ರಿಜಿಸ್ಟರ್ ಹುಡುಕಿ ಹುಬ್ಬಳ್ಳಿಗೆ ಓಡುವ ಮೊದಲು ಗದಗಿನ ಕಡತವನ್ನು ಪೂರ್ತಿ ಓದಿಸಿ. ಜನ ಇದನ್ನೇ ಮಾಡುವುದಿಲ್ಲ. ಎಫ್‌ಐಆರ್, ಚಾರ್ಜ್‌ಶೀಟ್, ಪ್ರತಿಯೊಬ್ಬ ಸಾಕ್ಷಿಯ ಹೇಳಿಕೆ ಮತ್ತು ಪಾಟೀಸವಾಲು, ಎಲ್ಲದರ ದೃಢೀಕೃತ ನಕಲು ತೆಗೆಸಿ. ಅದರಲ್ಲಿ ಎರಡು ಜಾಗಕ್ಕೆ ಬೆರಳಿಟ್ಟು ನೋಡಬೇಕು.

ಒಂದು, ಪಾಟೀಸವಾಲು. ಗಾಯಾಳುವಿಗೋ ತನಿಖಾಧಿಕಾರಿಗೋ ‘ಆ ರಾತ್ರಿ ಈ ಆರೋಪಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದ ಎಂದರೆ ಸರಿಯೇ?’ ಎಂದು ಹಳೆಯ ವಕೀಲರು ಒಂದೇ ಒಂದು ಸಲಹೆಯ ಪ್ರಶ್ನೆ ಹಾಕಿದ್ದರೂ ಸಾಕು, ಸಾಕ್ಷಿ ‘ಸರಿಯಲ್ಲ’ ಎಂದಿದ್ದರೂ ಪರವಾಗಿಲ್ಲ. ಮೊದಲ ದಿನದಿಂದ ನಿಮ್ಮ ವಾದ ಇದೇ ಆಗಿತ್ತು, ಕಾಗದವೊಂದು ಸೇರಿರಲಿಲ್ಲ ಎಂದು ಹೇಳಲು ಆ ಒಂದು ಸಾಲು ಆಧಾರ.

ಇನ್ನೊಂದು, ಕಲಂ 313ರ ಹೇಳಿಕೆ. ಸರ್ಕಾರದ ಸಾಕ್ಷಿಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನು ನಿಲ್ಲಿಸಿ, ನಿಮ್ಮ ವಿರುದ್ಧ ಇಂಥಿಂಥದ್ದು ಬಂದಿದೆ, ಏನು ಹೇಳುತ್ತೀರಿ ಎಂದು ಒಂದೊಂದಾಗಿ ಕೇಳುತ್ತಾರೆ. ಹೊಸ ಸಂಹಿತೆಯಲ್ಲಿ ಅದು ಕಲಂ 351. ನಮ್ಮ ಕಡೆಯ ಕೋರ್ಟುಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಪ್ರತಿ ಪ್ರಶ್ನೆಗೂ ‘ಸುಳ್ಳು’ ‘ಗೊತ್ತಿಲ್ಲ’ ಎಂದಷ್ಟೇ ಹೇಳಿ ಸಹಿ ಹಾಕಿ ಬರುತ್ತಾರೆ. ‘ಬೇರೇನಾದರೂ ಹೇಳುವುದಿದೆಯೇ?’ ಎಂಬ ಕೊನೆಯ ಪ್ರಶ್ನೆಗೂ ‘ಇಲ್ಲ’. ‘ನಿಮ್ಮ ಪರ ಸಾಕ್ಷಿ ಇದ್ದಾರೆಯೇ?’ ‘ಇಲ್ಲ’. ಕೋರ್ಟು ಎದುರು ಕೂತು ಕೇಳಿದಾಗ ಅವ್ವನ ಕಾಯಿಲೆ, ರಕ್ತ, ಹುಬ್ಬಳ್ಳಿ ಒಂದೂ ಬಾಯಿಗೆ ಬರಲಿಲ್ಲ, ಏಳು ವರ್ಷ ಶಿಕ್ಷೆಯಾದ ಮೇಲೆ ನೆನಪಾಯಿತೇ ಎಂದು ಸರ್ಕಾರಿ ವಕೀಲರು ಕೇಳಿದರೆ ಅಲ್ಲಿ ತಡವರಿಸುವಂತಾಗುತ್ತದೆ. ಅಣ್ಣ ಅಲ್ಲಿ ಹುಬ್ಬಳ್ಳಿಯ ಮಾತು ಹೇಳಿದ್ದರೆ ನಿಮ್ಮ ಅರ್ಜಿಗೆ ಅರ್ಧ ಬಲ ಆಗಲೇ ಬಂದಿದೆ. ಹೇಳಿಲ್ಲದಿದ್ದರೆ ಅದನ್ನು ಮುಚ್ಚಿಡಬೇಡಿ. ವಕೀಲರು ಏನು ಹೇಳಿಕೊಟ್ಟರು, ಅಣ್ಣ ಎಷ್ಟು ಓದಿದವರು, ಹೀಗೆ ಇದ್ದದ್ದನ್ನು ಇದ್ದ ಹಾಗೆ ಅರ್ಜಿಯ ಜೊತೆಗಿನ ಪ್ರಮಾಣಪತ್ರದಲ್ಲಿ ಬರೆಯಿಸಿ.

ಕಡತ ಓದುವಾಗ ಇನ್ನೊಂದು ಹುಡುಕಾಟ. ಕೊಲೆಯತ್ನದ ಕೇಸುಗಳಲ್ಲಿ ಪೊಲೀಸರು ಆರೋಪಿಗಳ ಮೊಬೈಲ್ ಕರೆ ವಿವರ ತರಿಸಿರುತ್ತಾರೆ. ತಮಗೆ ಅನುಕೂಲವಿಲ್ಲದ್ದನ್ನು ಚಾರ್ಜ್‌ಶೀಟಿಗೆ ಸೇರಿಸದೆ ಬಿಟ್ಟಿರುವುದೂ ಉಂಟು. ಕಂಪನಿಗಳು ಈ ವಿವರ ಇಟ್ಟುಕೊಳ್ಳಬೇಕಾದ ಅವಧಿ ಎರಡು ವರ್ಷ. 2022ರ ಡಿಸೆಂಬರ್‌ನದನ್ನು ಈಗ ಕಂಪನಿಯಿಂದ ಕೇಳಿದರೆ ಸಿಗುವುದು ಕಷ್ಟ, ಪೊಲೀಸ್ ಕಡತದಲ್ಲಿ ಉಳಿದಿದ್ದರೆ ಉಂಟು. ಪೊಲೀಸರು ವಶಪಡಿಸಿಕೊಂಡು ಕೋರ್ಟಿನಲ್ಲಿ ಬಳಸದ ದಾಖಲೆಗಳ ಪಟ್ಟಿಯೂ ಆರೋಪಿಗೆ ಸಿಗಬೇಕು ಎಂದು ಸುಪ್ರೀಂ ಕೋರ್ಟ್ 2022ರ ಮನೋಜ್ ಪ್ರಕರಣದಲ್ಲಿ ಒತ್ತಿ ಹೇಳಿದೆ. ನಿಮಗೆ ಅಂಥ ಪಟ್ಟಿ ಕೊಟ್ಟಿದ್ದಾರೆಯೇ ನೋಡಿ. ಆ ರಾತ್ರಿ ಅಣ್ಣನ ಫೋನು ಹುಬ್ಬಳ್ಳಿಯ ಟವರಿನಲ್ಲಿತ್ತು ಎಂಬ ಹಾಳೆ ಪೊಲೀಸರ ಬಳಿಯೇ ಇದ್ದು, ನಿಮಗೆ ಗೊತ್ತಿರಲೇ ಇಲ್ಲ ಎಂದಾದರೆ, ‘ಆಗ ಯಾಕೆ ತರಲಿಲ್ಲ’ ಎಂಬ ಪ್ರಶ್ನೆ ನಿಮ್ಮಿಂದ ಅವರ ಕಡೆಗೆ ತಿರುಗುತ್ತದೆ.

ಇನ್ನು ಆಸ್ಪತ್ರೆ. ‘ಆಸ್ಪತ್ರೆಯ ಕಾಗದ’ ಎಂದಿದ್ದೀರಿ, ಯಾವ ಕಾಗದ ಎಂದು ಬರೆದಿಲ್ಲ. ಅವ್ವನ ಡಿಸ್ಚಾರ್ಜ್ ಕಾರ್ಡು ಆಗಿದ್ದರೆ ಅದು ಅವ್ವ ಆಸ್ಪತ್ರೆಯಲ್ಲಿದ್ದರು ಎಂದು ಹೇಳುತ್ತದೆ, ಅಣ್ಣ ಇದ್ದರು ಎಂದು ಹೇಳುವುದಿಲ್ಲ. ದಾಖಲು ಮಾಡುವಾಗ ಸಂಬಂಧಿಕರ ಕಾಲಂನಲ್ಲಿ ಅಣ್ಣನ ಸಹಿ ಇದ್ದರೂ ಅದು ಆ ಗಳಿಗೆಯದು ಮಾತ್ರ. ಮಧ್ಯಾಹ್ನ ಸೇರಿಸಿ, ಸಂಜೆ ಊರಿಗೆ ಬಂದು, ರಾತ್ರಿ ಜಗಳಕ್ಕಿಳಿದರು ಎಂದರೆ ಏನು ಹೇಳುತ್ತೀರಿ? ‘ನಾನು ಅಲ್ಲಿರಲಿಲ್ಲ, ಬೇರೆ ಕಡೆ ಇದ್ದೆ’ ಎನ್ನುವುದನ್ನು ಸಾಬೀತು ಮಾಡುವ ಹೊಣೆ ಹಾಗೆ ಹೇಳುವವರದೇ. ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 103ರ ಉದಾಹರಣೆಯಲ್ಲೇ ಈ ಮಾತಿದೆ. ಬಿನಯ್ ಕುಮಾರ್ ಸಿಂಗ್ ಪ್ರಕರಣದಲ್ಲಿ (1997) ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ, ಆ ಹೊತ್ತಿಗೆ ಸ್ಥಳದಲ್ಲಿ ಇರುವ ಸಾಧ್ಯತೆಯೇ ಇರಲಿಲ್ಲ ಎನ್ನುವಷ್ಟು ಖಚಿತವಾಗಿ ಅದನ್ನು ತೋರಿಸಬೇಕು.

ಅದಕ್ಕೇ ರಕ್ತದ ದಾಖಲೆಗೆ ಅಷ್ಟು ಮಹತ್ವ. ರಕ್ತ ಭಂಡಾರದವರು ದಾನಿಯ ಹೆಸರು, ವಯಸ್ಸು, ವಿಳಾಸ, ತೂಕ, ಹಿಮೋಗ್ಲೋಬಿನ್ ಬರೆದುಕೊಂಡು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಚೀಲಕ್ಕೊಂದು ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆಯಿಂದ ರಕ್ತ ಯಾರಿಗೆ, ಯಾವಾಗ ಹೋಯಿತು ಎಂಬ ಜಾಡೂ ಸಿಗುತ್ತದೆ. ಕೇಸಿನ ಕನಸೂ ಇಲ್ಲದವರು ತಮ್ಮ ದಿನದ ಕೆಲಸವಾಗಿ ಬರೆದಿಟ್ಟ ದಾಖಲೆ ಇದು, ಮನೆಯವರು ಹೇಳಿ ಬರೆಸಿದ್ದಲ್ಲ. ಆದರೆ ಅದರಲ್ಲಿ ಸಮಯ ನಮೂದಾಗಿದೆಯೇ ಎಂಬುದೇ ಎಲ್ಲ. ರಾತ್ರಿ ಎಂಟೂವರೆ, ಒಂಬತ್ತೂವರೆ ಎಂದೇನಾದರೂ ಇದ್ದರೆ, ರೋಣದ ಕಡೆಯಿಂದ ಗದಗ ದಾಟಿ ಹುಬ್ಬಳ್ಳಿಗೆ ಗಾಡಿಯಲ್ಲಿ ಎಷ್ಟೇ ಜೋರಾಗಿ ಬಂದರೂ ಸುಮಾರು ಎರಡು ತಾಸಿನ ದಾರಿ, ಮುಂದಿನ ಲೆಕ್ಕವನ್ನು ನ್ಯಾಯಮೂರ್ತಿಗಳೇ ಹಾಕಿಕೊಳ್ಳುತ್ತಾರೆ. ಬರೀ ತಾರೀಖು ಇದ್ದರೆ ಬಲ ಅರ್ಧಕ್ಕೆ ಇಳಿಯುತ್ತದೆ. ಆಗ ಆ ಚೀಲ ವಾರ್ಡಿಗೆ ಹೋದ ಹೊತ್ತು, ಕೇಸ್‌ಶೀಟಿನಲ್ಲಿ ನರ್ಸ್ ಬರೆದ ಟಿಪ್ಪಣಿ, ರಕ್ತ ಹೊಂದುತ್ತದೆಯೇ ಎಂದು ಪರೀಕ್ಷಿಸಿದ ಕ್ರಾಸ್‌ಮ್ಯಾಚ್ ಚೀಟಿ, ಇವೆಲ್ಲ ಕೂಡಿಸಿ ಹೊತ್ತನ್ನು ಕಟ್ಟಬೇಕಾಗುತ್ತದೆ.

ರಕ್ತ ಭಂಡಾರಗಳು ಈ ದಾಖಲೆಗಳನ್ನು ಐದು ವರ್ಷ ಇಟ್ಟಿರಬೇಕು ಎಂಬುದು ಔಷಧ ನಿಯಮಗಳಲ್ಲಿದೆ. 2022ರ ಡಿಸೆಂಬರ್‌ನಿಂದ ಎಣಿಸಿದರೆ 2027ರ ಡಿಸೆಂಬರ್. ಅಪೀಲು ಅಂತಿಮ ವಾದಕ್ಕೆ ಬರುವುದು ಅದರ ನಂತರವೂ ಆಗಬಹುದು, ಹಾಗಾಗಿ ಇಂದೇ ಕೆಲಸ ಶುರು ಮಾಡಿ. ಅಣ್ಣನಿಂದ ಒಂದು ಅರ್ಜಿಗೆ ಜೈಲು ಅಧೀಕ್ಷಕರ ಮೂಲಕ ಸಹಿ ಮಾಡಿಸಿ, ತನ್ನ ದಾನಿ ದಾಖಲೆಯ ದೃಢೀಕೃತ ಪ್ರತಿ ಕೊಡಿ, ಕ್ರಿಮಿನಲ್ ಅಪೀಲಿಗೆ ಬೇಕಿರುವುದರಿಂದ ಮೂಲವನ್ನು ನಾಶಮಾಡಬೇಡಿ ಎಂದು ಆಸ್ಪತ್ರೆಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನ ಅರ್ಜಿಯೂ ಜೊತೆಗಿರಲಿ, 30 ದಿನದಲ್ಲಿ ಉತ್ತರ ಕೊಡಬೇಕು. ಪರಿಚಯದ ನೌಕರರನ್ನು ಹಿಡಿದು ರಿಜಿಸ್ಟರಿನ ಫೋಟೊ ತೆಗೆಸುವ ಚಟುವಟಿಕೆಗೆ ಕೈ ಹಾಕಬೇಡಿ. ‘ಆರೋಪಿಯ ಕಡೆಯವರು ರಿಜಿಸ್ಟರ್ ಮುಟ್ಟಿದ್ದರು’ ಎಂಬ ಒಂದು ಮಾತು ಬಂದರೆ ಒಳ್ಳೆಯ ದಾಖಲೆಯೂ ಕೆಡುತ್ತದೆ. ಮೂಲ ರಿಜಿಸ್ಟರನ್ನು ಕೋರ್ಟೇ ಸಮನ್ಸ್ ಮಾಡಿ ತರಿಸಲಿ.

ಸಾಕ್ಷಿ ಬದಲಿಸುತ್ತೇನೆ ಎಂದು ಬಂದವರ ವಿಷಯಕ್ಕೆ ಬರೋಣ. ನೂರು ರೂಪಾಯಿ ಬಾಂಡ್ ಪೇಪರಿನ ಮೇಲೆ ಬರೆಸಿ ನೋಟರಿ ಮುದ್ರೆ ಒತ್ತಿಸಿದರೆ ಹೈಕೋರ್ಟ್ ಓದಿ ಬಿಡುಗಡೆ ಮಾಡುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಹಳ ಇದೆ. ಆ ಮನುಷ್ಯ ಕೋರ್ಟಿನಲ್ಲಿ ಪ್ರಮಾಣ ಮಾಡಿ ಒಂದು ಮಾತು ಹೇಳಿದ್ದಾರೆ, ಅದರ ಮೇಲೆ ಪಾಟೀಸವಾಲೂ ಆಗಿದೆ. ಈಗ ಕೋರ್ಟಿನ ಹೊರಗೆ, ಯಾರೂ ಪ್ರಶ್ನೆ ಕೇಳದ ಜಾಗದಲ್ಲಿ ಇನ್ನೊಂದು ಪ್ರಮಾಣ ಮಾಡುತ್ತಿದ್ದಾರೆ. ಯಾಕೂಬ್ ಇಸ್ಮಾಯಿಲ್‌ಭಾಯಿ ಪಟೇಲ್ ಪ್ರಕರಣದಲ್ಲಿ (2004) ಸಾಕ್ಷಿಯೊಬ್ಬರು ಹೀಗೇ ಆಮೇಲೆ ಅಫಿಡವಿಟ್ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಅದನ್ನು ನೆಚ್ಚಲಿಲ್ಲ. ಎರಡರಲ್ಲಿ ಒಂದು ಪ್ರಮಾಣವಂತೂ ಸುಳ್ಳು, ಒಂದೇ ಊರಿನಲ್ಲಿ ಬಾಳುವ ಒತ್ತಡಕ್ಕೆ, ದುಡ್ಡಿಗೆ, ಅಂಜಿಕೆಗೆ ಮಣಿದು ಹೇಳಿದ್ದು ಎರಡನೆಯದೇ ಇರಬೇಕು ಎಂದು ಕೋರ್ಟುಗಳು ಊಹಿಸುವುದು ಹೆಚ್ಚು.

ಇದಕ್ಕೆ ವಿನಾಯಿತಿ ಇಲ್ಲ ಎಂದಲ್ಲ. ಗುಜರಾತಿನ ಬೆಸ್ಟ್ ಬೇಕರಿ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್, ಸಾಕ್ಷಿಗಳು ಹೆದರಿ ತಿರುಗಿಬಿದ್ದಿದ್ದರು ಎಂಬುದನ್ನು ಗಣನೆಗೆ ತೆಗೆದುಕೊಂಡು, ಹೆಚ್ಚುವರಿ ಸಾಕ್ಷ್ಯ ನಿರಾಕರಿಸಿದ್ದು ತಪ್ಪು ಎಂದು ಹೇಳಿ, ಇಡೀ ವಿಚಾರಣೆಯನ್ನು ಮಹಾರಾಷ್ಟ್ರದಲ್ಲಿ ಮತ್ತೆ ನಡೆಸಲು ಆದೇಶಿಸಿತು. ಅಲ್ಲಿ ಬಿಡುಗಡೆಯಾಗಿತ್ತು, ನಿಮ್ಮಲ್ಲಿ ಶಿಕ್ಷೆಯಾಗಿದೆ. ಆದರೂ ಆ ತೀರ್ಪಿನಿಂದ ತಿಳಿಯಬೇಕಾದ್ದು, ಮಾತು ಬದಲಿಸಿದ್ದಕ್ಕೆ ಹೊರಗಿನ ಆಧಾರ ಇರಬೇಕು ಎಂಬುದು. ಬಾಜೂ ಮನೆಯವರು ಅಂದು ಮುಂಡರಗಿಯ ಮದುವೆಯಲ್ಲಿದ್ದರು, ಅದಕ್ಕೆ ಫೋಟೊ ಇದೆ ಎಂದರೆ ಅದೊಂದು ಮಾತು. ‘ಹೇಳಿಸಿದರು’ ಎಂದಷ್ಟೇ ಆದರೆ ಸಾಲದು. ಇನ್ನೂ ಒಂದು ತೊಡಕು: ಪೆಟ್ಟು ತಿಂದವನೇ ಸಾಕ್ಷಿಯಾಗಿ ನಿಮ್ಮ ಅಣ್ಣನ ಹೆಸರು ಹೇಳಿದ್ದಾನೆ ತಾನೇ? ಗಾಯಾಳುವಿನ ಸಾಕ್ಷ್ಯಕ್ಕೆ ಕೋರ್ಟುಗಳು ವಿಶೇಷ ತೂಕ ಕೊಡುತ್ತವೆ. ಬಾಜೂ ಮನೆಯವರ ಮಾತನ್ನು ತೆಗೆದುಹಾಕಿದರೂ ಗಾಯಾಳುವಿನ ಮಾತು ಹಾಗೇ ಉಳಿಯುತ್ತದೆ. ರಕ್ತದ ರಿಜಿಸ್ಟರ್ ಅದಕ್ಕೂ ಉತ್ತರ ಕೊಡುತ್ತದೆ, ಈ ಅಫಿಡವಿಟ್ ಕೊಡುವುದಿಲ್ಲ.

ಅಪಾಯವನ್ನೂ ಹೇಳಿಬಿಡುತ್ತೇನೆ. ಕೋರ್ಟಿನಲ್ಲಿ ಸುಳ್ಳು ಸಾಕ್ಷ್ಯ ಹೇಳಿದ್ದಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಅಫಿಡವಿಟ್ ಕೊಟ್ಟ ಮರುದಿನವೇ ಯಾರಾದರೂ ಇದನ್ನು ತಿಳಿಸಿದರೆ ಆ ಮನುಷ್ಯ ಮೂರನೆಯ ಬಾರಿ ಮಾತು ಬದಲಿಸಿ, ‘ಇವರ ಮನೆಯವರೇ ಹೆದರಿಸಿ ಬರೆಸಿಕೊಂಡರು’ ಎಂದಾರು. ಸಾಕ್ಷಿಯನ್ನು ಬೆದರಿಸುವುದು ಬೇರೆಯೇ ಅಪರಾಧ. ಆಗ ಅಣ್ಣನಿಗೆ ಜಾಮೀನು ಸಿಗುವುದಿರಲಿ, ನಿಮ್ಮ ಮೇಲೆಯೇ ಹೊಸ ಕೇಸು. ನೀವಾಗಿ ಅವರ ಮನೆಗೆ ಹೋಗಬೇಡಿ, ಒಂದು ರೂಪಾಯಿಯನ್ನೂ ಕೊಡಬೇಡಿ, ಊರ ಹಿರಿಯರ ಕಟ್ಟೆಯ ಮೇಲೆ ಈ ಮಾತು ಎತ್ತಬೇಡಿ. ಅವರಿಗೆ ನಿಜವಾಗಿ ಹೇಳುವುದಿದ್ದರೆ ತಮ್ಮದೇ ಬೇರೆ ವಕೀಲರನ್ನು ಕಂಡು, ಪರಿಣಾಮ ತಿಳಿದುಕೊಂಡು ಮುಂದುವರಿಯಲಿ. ಅವರು ಸ್ವತಃ ಬಂದು ಹೇಳಿದ ವಿಷಯವನ್ನು ಮಾತ್ರ ನಿಮ್ಮ ವಕೀಲರಿಗೆ ತಿಳಿಸಿ.

ವಿಡಿಯೊ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕತ್ತಲಲ್ಲಿ ತೆಗೆದ ತುಣುಕಿನಲ್ಲಿ ಅಣ್ಣ ಕಾಣಲಿಲ್ಲ ಎಂದರೆ ಇರಲಿಲ್ಲ ಎಂದಾಗುವುದಿಲ್ಲ; ಕ್ಯಾಮೆರಾದ ಹಿಂದೆ ಇದ್ದಿರಬಹುದು, ತುಣುಕಿಗೆ ಮುಂಚೆ ಹೊಡೆದಿರಬಹುದು. ಕೊಡಲಿ ಬೀಳುವ ಗಳಿಗೆಯೇ ಸೆರೆಯಾಗಿದ್ದು ಹಿಡಿದವರು ಬೇರೆ ಎಂದು ಸ್ಪಷ್ಟವಾಗಿದ್ದರೆ ಮಾತ್ರ ಅದು ದೊಡ್ಡ ಸಾಕ್ಷ್ಯ. ಆಗಲೂ ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ಪ್ರತಿ ಸಾಲದು. ಮೊದಲು ತೆಗೆದವರು ಯಾರು, ಆ ಫೋನು ಇದೆಯೇ ಎಂದು ಹುಡುಕಬೇಕು. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಗೆ ಪ್ರಮಾಣಪತ್ರ ಕಡ್ಡಾಯ ಎಂದು 2020ರ ಅರ್ಜುನ್ ಪಂಡಿತರಾವ್ ತೀರ್ಪು ಖಚಿತಪಡಿಸಿದೆ, ಹಳೆಯ ಕಲಂ 65-ಬಿ, ಹೊಸ ಸಾಕ್ಷ್ಯ ಕಾಯ್ದೆಯಲ್ಲಿ ಕಲಂ 63. ಮೂಲ ಫೋನೇ ಕೋರ್ಟಿಗೆ ಬಂದರೆ ಆ ತಾಪತ್ರಯ ಇಲ್ಲ.

ಹೈಕೋರ್ಟ್ ಅರ್ಜಿ ಒಪ್ಪಿದ ದಿನವೇ ಅಣ್ಣ ಹೊರಗೆ ಬರುತ್ತಾರೆ ಎಂದುಕೊಳ್ಳಬೇಡಿ. ಒಪ್ಪಿಗೆ ಎಂದರೆ ಆ ಸಾಕ್ಷ್ಯವನ್ನು ಪರೀಕ್ಷಿಸಲು ಒಪ್ಪಿಗೆ. ಬಹುಶಃ ಗದಗ ಸೆಷನ್ಸ್ ಕೋರ್ಟಿಗೇ ವಹಿಸಬಹುದು. ರಕ್ತ ಭಂಡಾರದ ವೈದ್ಯಾಧಿಕಾರಿ ಮೂಲ ರಿಜಿಸ್ಟರ್ ಹಿಡಿದು ಕಟಕಟೆಗೆ ಬರುತ್ತಾರೆ. ಈ ಸಹಿ ಹಾಕಿದವರು ಇವರೇ ಎಂದು ಹೇಗೆ ಹೇಳುತ್ತೀರಿ, ಗುರುತಿನ ಚೀಟಿ ನೋಡಿದ್ದಿರಾ, ಸಮಯ ಬರೆದವರು ಯಾರು ಎಂದು ಸರ್ಕಾರಿ ವಕೀಲರು ಕೇಳುತ್ತಾರೆ. ಅಣ್ಣನ ಹೆಸರಿನಲ್ಲಿ ತಮ್ಮನೋ ಭಾವನೋ ರಕ್ತ ಕೊಟ್ಟಿಲ್ಲ ತಾನೇ? ಹಾಗೇನಾದರೂ ಇದ್ದರೆ ಈಗಲೇ ವಕೀಲರ ಕಿವಿಗೆ ಹಾಕಿ, ಅರ್ಜಿಯ ಮಾತೇ ಬೇಡ. ಸರ್ಕಾರವೂ ಎದುರು ಸಾಕ್ಷ್ಯ ಕೊಡಲು ಅವಕಾಶ ಕೇಳಬಹುದು, ಈ ಕಲಂ ಎರಡೂ ಕಡೆಗೆ ತೆರೆದಿದೆ. ದಾಖಲಾದ ಸಾಕ್ಷ್ಯವನ್ನು ಸೆಷನ್ಸ್ ಕೋರ್ಟ್ ದೃಢೀಕರಿಸಿ ಮೇಲೆ ಕಳಿಸಿದ ಬಳಿಕ ಹೈಕೋರ್ಟ್ ಹಳೆಯದು ಹೊಸದು ಸೇರಿಸಿ ಓದಿ, ಬಿಡುಗಡೆ ಮಾಡಬಹುದು, ಶಿಕ್ಷೆ ಇಳಿಸಬಹುದು, ಕಾಯಂ ಮಾಡಬಹುದು. ಮರುವಿಚಾರಣೆಗೆ ಕಳಿಸುವುದು ಅಪರೂಪ. ಒಂದೆರಡು ಸಾಕ್ಷ್ಯ ಸೇರಿಸಿದರೆ ಸಾಕಾಗುವಲ್ಲಿ ಇಡೀ ವಿಚಾರಣೆ ಮತ್ತೆ ಬೇಡ ಎಂಬುದು 1963ರ ಉಖಾ ಕೋಲ್ಹೆ ತೀರ್ಪಿನಿಂದ ಬಂದ ನಡೆ. ಅಪೀಲು ಹಾಕಿದರೆ ಶಿಕ್ಷೆ ಏರಿಸಿಬಿಟ್ಟಾರು ಎಂದು ಕೆಲವರು ಹೆದರಿಸುತ್ತಾರೆ. ಅಣ್ಣ ಹಾಕಿದ ಅಪೀಲಿನಲ್ಲಿ ಹಾಗೆ ಏರಿಸುವಂತಿಲ್ಲ. ಅದಕ್ಕೆ ಬೇರೆಯೇ ಪ್ರಕ್ರಿಯೆ ಬೇಕು, ನೋಟಿಸ್ ಕೊಟ್ಟು ಕೇಳಬೇಕು.

ಹೆಚ್ಚುವರಿ ಸಾಕ್ಷ್ಯದ ಅರ್ಜಿಯನ್ನು ಸಾಮಾನ್ಯವಾಗಿ ಅಂತಿಮ ವಾದದ ಜೊತೆಗೇ ಕೇಳುತ್ತಾರೆ, ಅದಕ್ಕೆ ವರ್ಷಗಳೇ ಹಿಡಿಯಬಹುದು. ಹಾಗಾಗಿ ಅಪೀಲಿನ ಜೊತೆಗೇ ಶಿಕ್ಷೆ ಅಮಾನತು ಮತ್ತು ಜಾಮೀನಿನ ಅರ್ಜಿ ಹೋಗಲೇಬೇಕು, ಹಳೆಯ ಕಲಂ 389, ಹೊಸದು 430. ಜೀವಾವಧಿಯಲ್ಲದ, ಇಂತಿಷ್ಟೇ ವರ್ಷ ಎಂಬ ಶಿಕ್ಷೆಯಲ್ಲಿ, ಅಪೀಲು ಬೇಗ ಮುಗಿಯುವಂತಿಲ್ಲದಿದ್ದರೆ ಅಮಾನತಿನ ಅರ್ಜಿಯನ್ನು ಉದಾರವಾಗಿ ನೋಡಬೇಕು ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಭಗವಾನ್ ರಾಮ ಶಿಂಧೆ ಗೋಸಾಯಿ ಪ್ರಕರಣದಲ್ಲಿ ಹೇಳಿದೆ. ರಕ್ತದ ದಾಖಲೆಯ ದೃಢೀಕೃತ ಪ್ರತಿ ಅಷ್ಟರೊಳಗೆ ಕೈಗೆ ಬಂದಿದ್ದರೆ ಇಲ್ಲೂ ಕೆಲಸಕ್ಕೆ ಬರುತ್ತದೆ. ಇಲ್ಲಿ ಅದನ್ನು ಪೂರ್ತಿ ಸಾಬೀತು ಮಾಡಬೇಕಿಲ್ಲ, ವಾದದಲ್ಲಿ ಹುರುಳಿದೆ ಎಂದು ತೋರಿದರೆ ಸಾಕು.

ಖರ್ಚಿನ ಮಾತು ನೀವು ಎತ್ತಿಲ್ಲ, ಆದರೂ ಹೇಳುತ್ತೇನೆ. ಸೆರೆಯಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12ರಡಿ ಉಚಿತ ವಕೀಲರು ಸಿಗುತ್ತಾರೆ. ಧಾರವಾಡ ಪೀಠದಲ್ಲಿ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿ ಇದೆ. ಜೈಲಿನಿಂದಲೇ ಅಧೀಕ್ಷಕರ ಮೂಲಕ ಅಪೀಲು ಕಳಿಸುವ ದಾರಿಯೂ ಇದೆ. 15100ಕ್ಕೆ ಫೋನು ಮಾಡಿದರೆ ಮುಂದಿನ ದಾರಿ ತಿಳಿಸುತ್ತಾರೆ. ಹೊಲ ಅಡವಿಟ್ಟು ಸಾಲ ಮಾಡುವ ಮೊದಲು ಅಲ್ಲಿ ಒಮ್ಮೆ ವಿಚಾರಿಸಿ.

ಒಡ್ಡಿನ ಜಗಳದ ಕೇಸುಗಳಲ್ಲಿ ಮನೆಮಂದಿಯನ್ನೆಲ್ಲ ಸೇರಿಸುವುದು ಸಾಮಾನ್ಯವಾದ್ದರಿಂದ ಇದನ್ನೂ ಕೇಳುತ್ತೇನೆ. ನಿಮ್ಮ ಕಡೆಯಿಂದ ಬೇರೆ ಯಾರಿಗಾದರೂ ಶಿಕ್ಷೆಯಾಗಿದ್ದು, ಅವರಿಗೆ ಘಟನೆಯ ದಿನ 18 ತುಂಬಿರಲಿಲ್ಲ ಎಂದಾದರೆ ಮೇಲೆ ಹೇಳಿದ ‘ಆಗ ಯಾಕೆ ತರಲಿಲ್ಲ’ ಎಂಬ ಪ್ರಶ್ನೆ ಅಡ್ಡ ಬರುವುದಿಲ್ಲ. ಬಾಲನ್ಯಾಯ ಕಾಯ್ದೆಯ ಕಲಂ 9ರ ಪ್ರಕಾರ ಆ ಮಾತನ್ನು ಯಾವ ಕೋರ್ಟಿನಲ್ಲಾದರೂ, ಯಾವ ಹಂತದಲ್ಲಾದರೂ, ಕೇಸು ಪೂರ್ತಿ ಮುಗಿದ ಮೇಲೂ ಎತ್ತಬಹುದು. ಗಲ್ಲು ಶಿಕ್ಷೆಯಾಗಿ 28 ವರ್ಷ ಜೈಲಿನಲ್ಲಿದ್ದವರೊಬ್ಬರು ಘಟನೆಯ ಕಾಲಕ್ಕೆ ಬಾಲಕರಾಗಿದ್ದರು ಎಂಬುದನ್ನು ಶಾಲೆಯ ದಾಖಲೆಯಿಂದ ಒಪ್ಪಿ ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದೆ.

ಇಂಗ್ಲೆಂಡಿನಲ್ಲಿ ಅಪೀಲು ಮುಗಿದ ಮೇಲೂ ಹೊಸ ಸಾಕ್ಷ್ಯ ಸಿಕ್ಕರೆ ಕೇಸನ್ನು ಮತ್ತೆ ಕೋರ್ಟಿಗೆ ಕಳಿಸಲೆಂದೇ 1997ರಿಂದ ಒಂದು ಆಯೋಗ ಕೆಲಸ ಮಾಡುತ್ತಿದೆ. ನಮ್ಮಲ್ಲಿ ಅಂಥ ಸಂಸ್ಥೆ ಇಲ್ಲ. ಹೈಕೋರ್ಟಿನ ಈ ಅಪೀಲು ಮುಗಿದ ಮೇಲೆ ಉಳಿಯುವುದು ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ ಅರ್ಜಿ, ಅಲ್ಲಿ ಹೊಸ ದಾಖಲೆ ಒಳಗೆ ಸೇರುವುದು ಇನ್ನೂ ಕಷ್ಟ. ಆದ್ದರಿಂದ ಇರುವುದನ್ನೆಲ್ಲ ಈ ಹಂತದಲ್ಲೇ ಇಡಬೇಕು.

ವಕೀಲರನ್ನು ಕಾಣಲು ಹೋಗುವಾಗ ತೀರ್ಪಿನ ಪ್ರತಿ, ಹಳೆಯ ವಕೀಲರಿಂದ ವಾಪಸು ಪಡೆದ ಪೂರ್ತಿ ಕಡತ, ಅವ್ವನ ಡಿಸ್ಚಾರ್ಜ್ ಕಾರ್ಡು, ರಕ್ತ ಭಂಡಾರದ ರಸೀದಿ ಅಥವಾ ದಾನಿ ಕಾರ್ಡು ಸಿಕ್ಕರೆ ಅದು, ಜೊತೆಗೆ ಆ ಕಾಲದಲ್ಲಿ ಅಣ್ಣ ಸಹಿ ಹಾಕಿದ ಬ್ಯಾಂಕ್ ಅಥವಾ ಸೊಸೈಟಿಯ ಯಾವುದಾದರೂ ಕಾಗದ ತೆಗೆದುಕೊಂಡು ಹೋಗಿ. ಒಪ್ಪಿಗೆ ಪತ್ರದ ಸಹಿಯನ್ನು ಅದರ ಜೊತೆ ಇಟ್ಟು ನೋಡಬೇಕಾಗುತ್ತದೆ.